ಊಟಿ ಚರ್ಚಿನಲ್ಲಿ ಶ್ರೀರಂಗಪಟ್ಟಣದ ತೊಲೆ

ಮೈಸೂರಿನಿಂದ ಬೆಳಿಗ್ಗೆ ಹೊರಟ ಬಸ್ಸು ಬಂಡೀಪುರ, ಗೂಡಲೂರು ದಾಟಿ ಊಟಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಜೊತೆಗಿದ್ದವರೆಲ್ಲ ಬೋಟಿಂಗ್‌ಗೆ ಓಡಿದರು. ನಾನು ಮಾತ್ರ ಸೇಂಟ್ ಸ್ಟೀಫನ್ಸ್ ಚರ್ಚಿನ ಕಡೆ ನಡೆದೆ. ಆ ಕೆರೆ ಕಟ್ಟಿಸಿದವನ ಹೆಂಡತಿ, ಮಗಳು ಅಲ್ಲೇ ಮಣ್ಣಾಗಿದ್ದಾರೆ.

ಅವನು ಜಾನ್ ಸಲಿವನ್. 1815ರಿಂದ ಕೊಯಮತ್ತೂರಿನ ಕಲೆಕ್ಟರ್. 1819ರಲ್ಲಿ ನೀಲಗಿರಿ ಹತ್ತಿದ. ಕೆಳಗಿನ ಬಿಸಿಲಲ್ಲಿ ಬೆಂದವನಿಗೆ ಈ ಚಳಿ ಹಿಡಿಸಿಬಿಟ್ಟಿತು. ಕೋಟಗಿರಿ ಹತ್ತಿರ ಒಂದು ಬಂಗಲೆ ಕಟ್ಟಿಸಿದ. ಆಮೇಲೆ ಊಟಿಯಲ್ಲಿ ಈ ಬೆಟ್ಟದ ಬುಡಕಟ್ಟಿನವರಾದ ತೋಡರಿಂದ ಜಾಗ ಕೊಂಡು ಸ್ಟೋನ್ ಹೌಸ್ ಅನ್ನುವ ಮನೆ ಎಬ್ಬಿಸಿದ. ಎಕರೆಗೆ ಕೊಟ್ಟದ್ದು ಒಂದು ರೂಪಾಯಿ! ಅದೇ ಮನುಷ್ಯ ಮುಂದೆ, ಈ ಬೆಟ್ಟ ತೋಡರದ್ದು, ಸರ್ಕಾರದ್ದಲ್ಲ ಅಂತ ಮೇಲಿನವರ ಜೊತೆ ವಾದಕ್ಕಿಳಿದ. ಚೌಕಾಸಿಯೂ ಅವನದೇ, ವಕಾಲತ್ತೂ ಅವನದೇ. ಮದ್ರಾಸಿನ ಗವರ್ನರ್ ಲಷಿಂಗ್ಟನ್‌ಗೂ ಅವನಿಗೂ ಸರಿಬರಲಿಲ್ಲ. 1830ರಲ್ಲಿ ಬೆಟ್ಟದ ಬಹುಪಾಲನ್ನು ಅವನ ಜಿಲ್ಲೆಯಿಂದ ಬಿಡಿಸಿ ಮಲಬಾರಿಗೆ ಸೇರಿಸಿದರು.

ಈ ಚರ್ಚಿಗೆ 1829ರಲ್ಲಿ ಅಡಿಗಲ್ಲು ಹಾಕಿದ್ದೂ ಅದೇ ಲಷಿಂಗ್ಟನ್. ಒಳಗೆ ಕಾಲಿಟ್ಟು ತಲೆಯೆತ್ತಿದೆ. ದಪ್ಪ ದಪ್ಪ ತೊಲೆಗಳು, ಕಪ್ಪುಗಟ್ಟಿದ ಮರ. ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಅರಮನೆಯದು. ಬಸ್ಸಲ್ಲಿ ಕೂತು ಬಂದರೇ ಕಿವಿ ಗುಂಯ್ ಅನ್ನುವ ಈ ಘಾಟಿಯಲ್ಲಿ ಅಷ್ಟು ಭಾರ ಹೇಗೆ ಹತ್ತಿಸಿದರಪ್ಪಾ! ಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದೇನೋ. ಅಲ್ಲಿ ಕಾಣದ ಅರಮನೆಯ ಚೂರು ಇಲ್ಲಿ ನೆತ್ತಿಯ ಮೇಲೆ ಸಿಕ್ಕಿತು.

ಹಿಂದಿನ ಸ್ಮಶಾನ ಇಳಿಜಾರಿನಲ್ಲಿದೆ. ಹುಲ್ಲು ಒದ್ದೆ, ಜಾರುತ್ತದೆ. ಹೆನ್ರಿಯೆಟ್ಟಾ ಮತ್ತು ಮಗಳು ಹ್ಯಾರಿಯೆಟ್, ಇಬ್ಬರೂ ಹೋದದ್ದು 1838ರಲ್ಲೇ. ತನ್ನನ್ನು ಬೆಟ್ಟದಿಂದ ದೂರವಿಟ್ಟವನ ಚರ್ಚಿನಲ್ಲೇ ಅವರನ್ನು ಮಲಗಿಸಬೇಕಾಯಿತಲ್ಲ ಸಲಿವನ್. 1841ರಲ್ಲಿ ಕೆಲಸ ಬಿಟ್ಟ, 1855ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡ.

ಮಂಜು ಇಳಿಯತೊಡಗಿತು. ಕೈ ಉಜ್ಜಿಕೊಳ್ಳುತ್ತಾ ಕೆಳಗಿನ ಟೀ ಅಂಗಡಿಗೆ ಬಂದೆ. ಅಂಗಡಿಯ ಅಜ್ಜಿ ಬಡಗರವರು. ಬಡಗ ಅಂದರೆ ಬಡಗಣ ದಿಕ್ಕಿನವರು, ಮೈಸೂರು ಸೀಮೆಯಿಂದ ಸಲಿವನ್‌ಗಿಂತ ಎಷ್ಟೋ ಮೊದಲೇ ಈ ಬೆಟ್ಟ ಹತ್ತಿದವರು. ನನಗೆ ತಮಿಳು ಅಷ್ಟಕ್ಕಷ್ಟೆ. ಸುಮ್ನೆ ಕನ್ನಡದಲ್ಲೇ, "ಅಜ್ಜಿ, ಹಾಲು ಜಾಸ್ತಿ ಹಾಕಿ" ಅಂದೆ.

ಹಾಕಿದರು.