ಕರಟ ಬಡಿಯಲು ಸ್ಕಾಟ್ಲೆಂಡಿಗೆ

ಊರಿನಿಂದ ಯಾರೇ ಬಂದರೂ ಎಡಿನ್‌ಬರೋ ಕೋಟೆ ತೋರಿಸುವುದು ಇಲ್ಲಿರುವ ನಮ್ಮವರ ವಾಡಿಕೆ. ಅರಸೀಕೆರೆಯಿಂದ ಅಮ್ಮ ಬಂದಾಗ ನಾನು ಸ್ಟರ್ಲಿಂಗ್ ಹತ್ತಿರದ ಡೂನ್ ಕೋಟೆಗೆ ಕರೆದುಕೊಂಡು ಹೋದೆ. ಕಾರಣ ಒಂದು ಹಳೇ ನಗೆ ಸಿನಿಮಾ. 1975ರ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’.

ನೋಡದವರಿಗೆ ಹೇಳುತ್ತೇನೆ. ಬ್ರಿಟನ್ನಿನ ದಂತಕಥೆಗಳಲ್ಲಿ ಬರುವ ಆರ್ಥರ್ ರಾಜ ಕುದುರೆ ಸವಾರನ ಹಾಗೆ ಕುಣಿಯುತ್ತಾ ಬರುತ್ತಾನೆ. ಕುದುರೆ ಮಾತ್ರ ಇಲ್ಲ! ಹಿಂದೆ ಬರುವ ಆಳು ಎರಡು ಕರಟ ಬಡಿದು ಟಕಟಕ ಅನ್ನಿಸುತ್ತಾನೆ. ನಿಜವಾದ ಕುದುರೆ ತರಲು ಚಿತ್ರತಂಡದ ಬಳಿ ದುಡ್ಡಿರಲಿಲ್ಲ. ಕೋಟೆ ಮೇಲಿನ ಕಾವಲುಗಾರನಿಗೆ ರಾಜನ ಮೇಲೆ ಗಮನವೇ ಇಲ್ಲ. ಈ ಚಳಿ ದೇಶದಲ್ಲಿ ತೆಂಗಿನಕಾಯಿ ಎಲ್ಲಿಂದ ಬಂತು ಅಂತ ತಕರಾರು ತೆಗೆಯುತ್ತಾನೆ. ಅರಸೀಕೆರೆಯವರಿಗೆ ಇದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಆ ಗೋಡೆ ಡೂನ್ ಕೋಟೆಯದೇ. ಅಷ್ಟೇ ಅಲ್ಲ, ಸಿನಿಮಾದಲ್ಲಿ ಬರುವ ಬಹುಪಾಲು ಕೋಟೆಗಳು ಇದೊಂದೇ. ಬೇರೆ ಕೋಟೆಗಳಲ್ಲಿ ಚಿತ್ರೀಕರಣಕ್ಕೆ ಕೊಟ್ಟಿದ್ದ ಅನುಮತಿಯನ್ನು ಕೊನೇ ಗಳಿಗೆಯಲ್ಲಿ ವಾಪಸ್ ತೆಗೆದುಕೊಂಡರು. ಡೂನ್ ಆಗ ಖಾಸಗಿಯವರ ಕೈಯಲ್ಲಿತ್ತು, ಬಚಾವಾದರು. ಕ್ಯಾಮೆರಾ ತಿರುಗಿಸಿ ತಿರುಗಿಸಿ ಇದನ್ನೇ ಬೇರೆ ಬೇರೆ ಕೋಟೆ ಮಾಡಿದರು.

ಅಮ್ಮ ಅದುವರೆಗೆ ನೋಡಿದ್ದ ಕೋಟೆ ಅಂದರೆ ಸಕಲೇಶಪುರದ ಮಂಜರಾಬಾದ್. ಟಿಪ್ಪು ಕಟ್ಟಿಸಿದ ಆ ನಕ್ಷತ್ರದ ಕೋಟೆ ನೆಲಕ್ಕೆ ಅಂಟಿಕೊಂಡಂತಿದೆ. ಇಲ್ಲಿ ಬಾಗಿಲ ಗೋಪುರವೇ ಸುಮಾರು 100 ಅಡಿ. “ಇದರೊಳಗೆ ಸಂಸಾರ ಮಾಡ್ತಿದ್ರಾ?” ಅಂದರು. ಮಾಡ್ತಿದ್ದರು. 14ನೇ ಶತಮಾನದ ಕೊನೆಗೆ ಇದನ್ನು ಕಟ್ಟಿಸಿದ್ದು ಆಲ್ಬನಿಯ ಡ್ಯೂಕ್ ರಾಬರ್ಟ್ ಸ್ಟೂವರ್ಟ್. ರಾಜನ ಹೆಸರಲ್ಲಿ ಆಳ್ವಿಕೆ ನಡೆಸಿದವನು.

ಒಳಗೆ ಕಿವಿಗೆ ಹಾಕಿಕೊಳ್ಳುವ ಆಡಿಯೋ ಗೈಡ್ ಕೊಡುತ್ತಾರೆ. ಅದರಲ್ಲಿ ಮಾತಾಡುವುದು ಚಿತ್ರದ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಟೆರ್ರಿ ಜೋನ್ಸ್. 2020ರಲ್ಲಿ ತೀರಿಕೊಂಡರು, ದನಿ ಮಾತ್ರ ಇನ್ನೂ ತಮಾಷೆ ಮಾಡುತ್ತಿದೆ. ಅಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಅಡುಗೆಮನೆಯ ಒಲೆ ಮುಂದೆ ನಿಂತವರು ಕದಲಲಿಲ್ಲ. ಅದರ ಬಾಯಿಯೇ 15 ಅಡಿಗಿಂತ ಅಗಲ. “ಮುದ್ದೆ ಮಾಡಿದ್ರೆ ಊರಿಗೇ ಹಾಕಬಹುದು ಕಣೋ.”

ಅಂಗಡಿಯಲ್ಲಿ ಕೇಳಿದೆ, ಎರಡು ಕರಟ ಕೈಗೆ ಕೊಟ್ಟರು. ಅಮ್ಮ ತಿರುಗಿಸಿ ನೋಡಿ, ಬೆರಳ ಗೆಣ್ಣಿನಲ್ಲಿ ಕುಟ್ಟಿದರು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರಲ್ವಾ, ಆ ಲೆಕ್ಕದಲ್ಲಿ ಪರೀಕ್ಷೆ. “ಇದು ಬಲಿತಿಲ್ಲ. ಅಟ್ಟದ ಕಾಯಿದಾಗಿದ್ರೆ ಸದ್ದೇ ಬೇರೆ.” ಆಮೇಲೆ ನಾನು ಕುಣಿದೆ, ಅವರು ಬಡಿದರು. ಪಕ್ಕದಲ್ಲಿ ಇನ್ನೊಂದು ಗುಂಪೂ ಅದನ್ನೇ ಮಾಡುತ್ತಿತ್ತು, ಹಾಗಾಗಿ ನಾಚಿಕೆ ಆಗಲಿಲ್ಲ.

ಈಗೀಗ ಈ ಕೋಟೆ ಕಾಣಿಸಿಕೊಳ್ಳುವ ‘ಔಟ್‌ಲ್ಯಾಂಡರ್’ನಂಥ ಟಿವಿ ಸೀರಿಯಲ್ ನೋಡಿ ಬರುವವರೇ ಜಾಸ್ತಿ. ಅವರು ಗಂಭೀರವಾಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಪಾಪ.

ಬರುವುದಾದರೆ ಸ್ಟರ್ಲಿಂಗ್‌ನಿಂದ ಬಸ್ಸಿದೆ. ಮೆಟ್ಟಿಲು ಇಕ್ಕಟ್ಟು. ಮಂಡಿ ನೋವಿನವರು ಕೆಳಗೆ ಅಂಗಳದಲ್ಲೇ ಕೂತುಬಿಡಿ, ನಷ್ಟವಿಲ್ಲ. ಸಿನಿಮಾದಲ್ಲಿ ಆರ್ಥರನ ಯೋಧ ಲಾನ್ಸಲಾಟ್ ಮದುವೆ ಮನೆಗೆ ನುಗ್ಗಿ ಸುಮ್ನೆ ಕಂಡವರ ಮೇಲೆಲ್ಲ ಕತ್ತಿ ಬೀಸುವುದು ಅಲ್ಲೇ.