ರೋಲ್ ತೊಳೆಸಿದ ಮೇಲೆ ಕಾಣುವುದು

“ಅವ್ರೆಲ್ಲಿ ನೋಡ್ಕೊಂತಾರಪ್ಪ? ರೋಲ್ ತೊಳೆಸಿದ ಮೇಲೆ ನೋಡ್ತಾರೆ.” ದಾವಣಗೆರೆಯ ಮಂಡಿಪೇಟೆಯ ಕಡೆ ಇರುವ ಹಳೆಯ ಸ್ಟುಡಿಯೋ ಒಂದರಲ್ಲಿ ಕಳೆದ ಭಾನುವಾರ ಕೇಳಿದ ಈ ಮಾತು ವಾರವಿಡೀ ನನ್ನ ಕಿವಿಯಲ್ಲೇ ಇದೆ.

ನಾನು ಹೋಗಿದ್ದು ಮಾರಾಟಕ್ಕಿದ್ದ ಪೆಂಟಾಕ್ಸ್ ಕೆ1000 ಎಂಬ ಫಿಲ್ಮ್ ರೋಲಿನ ಕ್ಯಾಮೆರಾವನ್ನೂ ಅದರ ಜೊತೆಗಿದ್ದ 50 ಎಂ.ಎಂ. ಲೆನ್ಸನ್ನೂ ನೋಡಲು. 1976ರಲ್ಲಿ ಬಂದು, ನಮ್ಮ ಊರು ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ 1997ರವರೆಗೂ ತಯಾರಾದ ಈ ಕ್ಯಾಮೆರಾದಲ್ಲಿ ಸೆಲ್ ಬೇಕಾಗುವುದು ಬೆಳಕು ಅಳೆಯುವ ಮೀಟರಿನ ಮುಳ್ಳಿಗೆ ಮಾತ್ರ. ಸೆಲ್ ಮುಗಿದರೂ ಶಟರ್, ಅಂದರೆ ಫಿಲ್ಮಿನ ಮುಂದೆ ತೆರೆದು ಮುಚ್ಚುವ ಪರದೆ, ಒಂದು ಸೆಕೆಂಡಿನಿಂದ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಎಲ್ಲ ವೇಗದಲ್ಲೂ ಓಡುತ್ತದೆ. ಇದಕ್ಕೆ ಮೊದಲು ಬೇರೊಬ್ಬರು “ಹೊಸದರ ಹಾಗೇ ಇದೆ” ಎಂದು ಮಾರಲು ತಂದಿದ್ದ ಇದೇ ಮಾದರಿಯ ಹಿಂಬಾಗಿಲನ್ನು ತೆರೆದಾಗ, ಬೆಳಕು ಒಳಬಾರದಂತೆ ಅಂಚಿಗೆ ಹಾಕುವ ಫೋಮ್ ಕರಗಿ ಜಿಗುಟಾಗಿ ಬೆರಳಿಗೆ ಅಂಟಿತ್ತು. ಅವರು ಬಹುಶಃ ಆ ಬಾಗಿಲನ್ನು ತೆರೆದೇ ನೋಡಿರಲಿಲ್ಲ. ಹೊಗಳುವ ಮೊದಲು ತೆರೆದು ನೋಡುವಷ್ಟು ಕಾಳಜಿ ಮಾರುವವರಿಗೆ ಇರಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಸ್ಟುಡಿಯೋದ ಹಿರಿಯರು ಮಾಡಿದ್ದು ಇದಕ್ಕೆ ತದ್ವಿರುದ್ಧ. ನಾನು ಬೆಲೆ ಕೇಳುವ ಮೊದಲೇ ಅವರು ಲೆನ್ಸನ್ನು ಬಿಚ್ಚಿ, ಬೆಳಕು ಹಾಯುವ ಕಿಂಡಿಯಾದ ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಸ್ವಲ್ಪ ಓರೆ ಮಾಡಿ ನನ್ನ ಕಣ್ಣಿನ ಮುಂದೆ ತಂದರು. ಗಾಜಿನ ಅಂಚಿನಲ್ಲಿ ಜೇಡರ ಬಲೆಯಷ್ಟು ತೆಳುವಾದ ಬಿಳಿಯ ಎಳೆಗಳು ಒಳಮುಖವಾಗಿ ಕವಲೊಡೆದಿದ್ದವು. “ಫಂಗಸ್ ಐತಿ ನೋಡ್ರಿ. ಚರ್ಮದ ಕೇಸಿನಾಗೆ ಹಾಕಿ ಬೀರುವಿನಾಗೆ ಇಟ್ಟುಬಿಟ್ಟಿದ್ದೆ. ಮಳೆಗಾಲದಾಗೆ ಚರ್ಮ ತೇವ ಹಿಡಿತೈತಿ” ಎಂದರು. ಕಂಪ್ಯೂಟರಿನ ಮುಂದೆ ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನು ಜೋಡಿಸುತ್ತಿದ್ದ ಮಗ ತಲೆಯೆತ್ತದೆ, “ಬಿಡ್ರಿ ಅಪ್ಪಾಜಿ, ಅವ್ರೇ ನೋಡ್ಕೊಂತಾರೆ” ಎಂದ. ಆಗ ಬಂದ ಉತ್ತರವೇ ನಾನು ಮೊದಲಿಗೆ ಬರೆದದ್ದು.

ಮಗನನ್ನು ಕೆಟ್ಟವನೆನ್ನಲಾರೆ. ಅವನು ಕಲಿತ ಕೆಲಸದಲ್ಲಿ ತಪ್ಪು ಆ ಕ್ಷಣವೇ ಪರದೆಯ ಮೇಲೆ ಕಾಣುತ್ತದೆ, ಇನ್ನೊಂದು ತೆಗೆದರಾಯಿತು. ತಂದೆಯ ಕೆಲಸದಲ್ಲಿ ಹಾಗಿರಲಿಲ್ಲ. ಶಟರಿನ ಬಟ್ಟೆಯ ಪರದೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ, ರೋಲು ಅದನ್ನು ಎಳೆಯುವ ಹಲ್ಲಿಗೆ ಸಿಗದೆ ಒಳಗೆ ಸುಮ್ಮನೆ ನಿಂತಿದ್ದರೂ, ಅದು ಗೊತ್ತಾಗುವ ಹೊತ್ತಿಗೆ ಮದುವೆ ಮುಗಿದು, ಚಪ್ಪರ ಬಿಚ್ಚಿ, ಬೀಗರು ಊರು ಸೇರಿರುತ್ತಿದ್ದರು. ತಾಳಿ ಕಟ್ಟುವುದನ್ನು ಮತ್ತೊಮ್ಮೆ ಮಾಡಿಸಲಾಗುವುದಿಲ್ಲ. ಆದ್ದರಿಂದ ಅವರು ಪ್ರತಿ ಸಲ ಫಿಲ್ಮ್ ಮುಂದೂಡುವಾಗಲೂ ರೋಲನ್ನು ಹಿಂದಕ್ಕೆ ಸುತ್ತುವ ಎಡಗಡೆಯ ರಿವೈಂಡ್ ಗುಬುಟನ್ನು ಕಡೆಗಣ್ಣಿನಲ್ಲಿ ನೋಡುತ್ತಿದ್ದರಂತೆ. ಅದು ತಿರುಗಿದರೆ ರೋಲು ಹಿಡಿದಿದೆ ಎಂದರ್ಥ, ತಿರುಗದಿದ್ದರೆ ಇಲ್ಲ. ಖಾಲಿ ಕ್ಯಾಮೆರಾವನ್ನು ನನಗೆ ತೋರಿಸುವಾಗಲೂ ಅವರ ಕಣ್ಣು ತಾನಾಗಿಯೇ ಆ ಕಡೆ ಹೊರಳಿತು.

ಇಡೀ ಮನೆತನದ ನೆನಪನ್ನು ಕಣ್ಣಿಗೆ ಕಾಣದ ಸ್ಥಿತಿಯಲ್ಲಿ ಪೆಟ್ಟಿಗೆಯಲ್ಲಿ ಹೊತ್ತು ತಿರುಗಿದವರು ಹೀಗೆಯೇ ಆಗುತ್ತಾರೆಂದು ನನಗನ್ನಿಸುತ್ತದೆ. ಇನ್ನೂ ಕಾಣದ ತಪ್ಪಿಗೂ ಈಗಲೇ ಹೊಣೆ ಹೊರುವುದು ಅವರಿಗೆ ಆ ಕಸುಬಿನಿಂದಲೇ ಬಂದಿದೆ. ನಮ್ಮ ಊರಿನ ಎಷ್ಟೋ ಮನೆಗಳ ಆಲ್ಬಮ್ಮುಗಳು ಇಂಥವರ ಕೈಯಿಂದ ಬಂದಿವೆ, ಆದರೆ ಅವುಗಳ ಹಿಂದಿನ ಈ ಎಚ್ಚರವನ್ನು ನಾವು ಯಾರೂ ಕೇಳಿ ತಿಳಿದುಕೊಳ್ಳಲಿಲ್ಲ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹಿರಿಯರು ಮನಸ್ಸಿನಲ್ಲಿ 6,000 ರೂಪಾಯಿ ಇಟ್ಟುಕೊಂಡಿದ್ದರಂತೆ. ಲೆನ್ಸ್ ಬಿಚ್ಚಿ ಒರೆಸಲು ಖರ್ಚಿದೆಯೆಂದು ತಾವೇ ಲೆಕ್ಕ ಹಾಕಿ 4,500 ಎಂದರು. ನಾನು ಚೌಕಾಸಿ ಮಾಡಲಿಲ್ಲ. ಮೀಟರಿಗೆ ಬೇರೆ ಸ್ವಿಚ್ ಇಲ್ಲದಿರುವುದರಿಂದ ಲೆನ್ಸಿಗೆ ಮುಚ್ಚಳ ಹಾಕದಿದ್ದರೆ ಸೆಲ್ ಬೇಗ ಇಳಿಯುತ್ತದೆಂದೂ, ಒರೆಸುವವರೆಗೆ ಬೆಳಕಿಗೆ ಎದುರಾಗಿ ತೆಗೆದರೆ ಚಿತ್ರ ಮಂಕಾಗುತ್ತದೆಂದೂ ಹೇಳಿ ಕೊಟ್ಟರು. ಲೆನ್ಸನ್ನು ಮುಂದಿನ ವಾರ ಬೆಂಗಳೂರಿಗೆ ರಿಪೇರಿಗೆ ಕಳಿಸುತ್ತೇನೆ. ಅದಕ್ಕೂ ಮೊದಲು ಒಂದು ಕಪ್ಪುಬಿಳುಪು ರೋಲ್ ಹಾಕಿದ್ದೇನೆ, ಗುಬುಟು ತಿರುಗುತ್ತಿದೆ.