ಬಿಸಿಲನ್ನು ಅಳೆಯುವುದು: ವಿಜಯಪುರದ ಒಂದು ದ್ರಾಕ್ಷಿ ತೋಟದಿಂದ

ನಮ್ಮ ವಿಜಯಪುರದಲ್ಲಿ ಬಿಸಿಲಿನ ಮಾತು ಬಂದರೆ ಎಲ್ಲರೂ ಹೇಳುವುದು ಉಷ್ಣಾಂಶದ ಅಂಕಿಯನ್ನೇ. ಆದರೆ ಉಷ್ಣಮಾಪಕವನ್ನು ಇಡುವುದು ನೆರಳಿನಲ್ಲಿ. ಅದು ತಿಳಿಸುವುದು ಗಾಳಿಯ ಬಿಸಿಯನ್ನು. ದ್ರಾಕ್ಷಿ ಬಳ್ಳಿ ಎಷ್ಟು ನೀರು ಬೇಡುತ್ತದೆ, ಮಾಳಿಗೆಯ ಮೇಲಿನ ಸೋಲಾರ್ ಪ್ಯಾನೆಲ್ ಎಷ್ಟು ಯೂನಿಟ್ ಕೊಡಬೇಕು ಎಂಬುದನ್ನು ತಿಳಿಯಲು ಸೂರ್ಯನಿಂದ ಪ್ರತಿ ಚದರ ಮೀಟರಿಗೆ ಬಿದ್ದ ಶಕ್ತಿಯ ಲೆಕ್ಕವೇ ಬೇಕು.

ಹಳೆಯ ಹವಾಮಾನ ವೀಕ್ಷಣಾಲಯಗಳಲ್ಲಿ ಕ್ಯಾಂಪ್‌ಬೆಲ್–ಸ್ಟೋಕ್ಸ್ ಉಪಕರಣವಿರುತ್ತದೆ. ಅದರ ಗಾಜಿನ ಗೋಲವು ಬಿಸಿಲನ್ನು ಒಂದೆಡೆ ಕೂಡಿಸಿ ಹಿಂದಿರುವ ಕಾಗದದ ಪಟ್ಟಿಯನ್ನು ಸುಡುತ್ತದೆ. ಸುಟ್ಟ ಗೆರೆಯ ಉದ್ದದಿಂದ ಎಷ್ಟು ಗಂಟೆ ಬಿಸಿಲಿತ್ತು ಎಂದು ತಿಳಿಯುತ್ತದೆ. ಅವಧಿಗೆ ಅದು ಸಾಕು, ತೀವ್ರತೆಗೆ ಸಾಲದು.

ತೀವ್ರತೆಯನ್ನು ಅಳೆಯುವುದು ಪೈರನೋಮೀಟರ್. ಅದರೊಳಗಿನ ಕಪ್ಪು ಫಲಕವು ಬಿಸಿಲನ್ನು ಹೀರಿ ಕಾಯುತ್ತದೆ. ಫಲಕಕ್ಕೂ ತಂಪಾಗಿರುವ ಲೋಹದ ಒಡಲಿಗೂ ನಡುವಿನ ಉಷ್ಣಾಂಶದ ವ್ಯತ್ಯಾಸವನ್ನು ಥರ್ಮೋಪೈಲ್ ಒಂದು ಸಣ್ಣ ವೋಲ್ಟೇಜ್ ಆಗಿ ಬದಲಿಸುತ್ತದೆ. ಪ್ರತಿ ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿದ್ದರೂ ಸಿಗುವುದು ಸಾಮಾನ್ಯವಾಗಿ ಹತ್ತು ಮಿಲಿವೋಲ್ಟಿನ ಆಸುಪಾಸು. ಇಷ್ಟು ಸಣ್ಣ ಸಂಕೇತವನ್ನು ಗಾಳಿ ಕೆಡಿಸಬಾರದೆಂದೇ ಫಲಕದ ಮೇಲೆ ಗಾಜಿನ ಗುಮ್ಮಟಗಳಿರುತ್ತವೆ. ಪೈರನೋಮೀಟರನ್ನು ರಸಮಟ್ಟ ನೋಡಿ ಸಮತಲವಾಗಿ ಕೂರಿಸಬೇಕು, ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿರಬೇಕು, ಎರಡು ವರ್ಷಕ್ಕೊಮ್ಮೆಯಾದರೂ ಪ್ರಮಾಣಿತ ಉಪಕರಣದೊಂದಿಗೆ ಹೋಲಿಸಿ ಸರಿಪಡಿಸಬೇಕು. ಅಂಥ ಹೋಲಿಕೆಗಳ ಮೂಲಮಾನ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿದೆ. ನಮ್ಮ ದೇಶದಲ್ಲಿ ಈ ಹೊಣೆ ಪುಣೆಯ ಹವಾಮಾನ ಇಲಾಖೆಯ ಪ್ರಯೋಗಾಲಯದ್ದು.

ಸೂರ್ಯನಿಂದ ನೇರವಾಗಿ ಬರುವ ಕಿರಣವನ್ನಷ್ಟೇ ಅಳೆಯುವ ಪೈರ್‌ಹೀಲಿಯೋಮೀಟರ್ ಒಂದು ಕೊಳವೆಯಂತಿದ್ದು, ಸೂರ್ಯನನ್ನು ಹಿಂಬಾಲಿಸುವ ಯಂತ್ರದ ಮೇಲೆ ದಿನವಿಡೀ ತಿರುಗುತ್ತದೆ. ಚದುರಿದ ಬೆಳಕಷ್ಟೇ ಬೇಕಾದರೆ ಪೈರನೋಮೀಟರ್ ಮೇಲೆ ಸೂರ್ಯನನ್ನು ಮರೆಮಾಡುವ ಪಟ್ಟಿಯನ್ನೋ ಚೆಂಡನ್ನೋ ಹಿಡಿಯುತ್ತಾರೆ.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ನೀರಿನ ಲೆಕ್ಕ. ಚದರ ಮೀಟರಿಗೆ ಒಂದು ಮೆಗಾಜೂಲ್ ಶಕ್ತಿಯು ಪೂರ್ತಿಯಾಗಿ ಆವಿಯಾಗಿಸುವುದಕ್ಕೆ ಬಳಕೆಯಾದರೆ 0.408 ಮಿಲಿಮೀಟರ್ ನೀರು ಹೋಗುತ್ತದೆ. ಒಂದು ಎಕರೆಯಲ್ಲಿ ಒಂದು ಮಿಲಿಮೀಟರ್ ಎಂದರೆ ಸುಮಾರು 4047 ಲೀಟರ್. ಬಿದ್ದ ಬಿಸಿಲೆಲ್ಲ ಆವಿಯಾಗುವುದಕ್ಕೇ ಹೋಗುವುದಿಲ್ಲ, ಒಂದು ಪಾಲು ಪ್ರತಿಫಲಿಸುತ್ತದೆ, ಇನ್ನೊಂದು ಪಾಲು ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಆದ್ದರಿಂದ ಬೆಳೆಯ ನೀರಿನ ಬೇಡಿಕೆಯನ್ನು ಲೆಕ್ಕ ಹಾಕುವ ಪೆನ್‌ಮನ್–ಮಾಂಟೀತ್ ಸಮೀಕರಣವು ಬಿಸಿಲಿನ ಜೊತೆಗೆ ಉಷ್ಣಾಂಶ, ಗಾಳಿಯ ವೇಗ, ತೇವಾಂಶಗಳನ್ನೂ ಕೇಳುತ್ತದೆ. ಎಲೆಯ ಪಾಲೂ ಇದರಲ್ಲಿದೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿಯ ಸವರುವಿಕೆ, ಆದ ಕೂಡಲೇ ಬಳ್ಳಿ ಬೋಳಾಗಿರುತ್ತದೆ, ಆದ್ದರಿಂದ ಬಿಸಿಲು ಉರಿಯುತ್ತಿದ್ದರೂ ಅದರ ಬೇಡಿಕೆ ಕಡಿಮೆ. ಎಲೆ ತುಂಬಿದ ಮೇಲೆ ಅಷ್ಟೇ ಬಿಸಿಲಿಗೆ ಹೆಚ್ಚು ನೀರು ಬೇಕು. ಬೋರ್‌ವೆಲ್ ಬತ್ತುವ ಕಾಲದಲ್ಲಿ ರೂಢಿಯ ಗಂಟೆಗಳನ್ನು ನೋಡಿ ಹನಿ ನೀರಾವರಿ ಬಿಡುವುದಕ್ಕಿಂತ ಈ ಲೆಕ್ಕದಿಂದ ಬಿಡುವುದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ಯಾನೆಲ್‌ಗಳ ವಿಷಯದಲ್ಲೂ ಅಳತೆ ಇಲ್ಲದ ದೂರುಗಳೇ ಹೆಚ್ಚು. ಪ್ಯಾನೆಲ್ಲಿನ ಮೇಲೆ ಬರೆದಿರುವ ವ್ಯಾಟ್ ಚದರ ಮೀಟರಿಗೆ 1000 ವ್ಯಾಟ್ ಬಿಸಿಲಿಗೂ ಪ್ಯಾನೆಲ್ಲಿನೊಳಗಿನ ಸೆಲ್‌ನ 25 ಡಿಗ್ರಿ ಉಷ್ಣಾಂಶಕ್ಕೂ ಸಂಬಂಧಿಸಿದ್ದು. ಸೆಲ್ 60 ಡಿಗ್ರಿಗೆ ಕಾದರೆ, ಡಿಗ್ರಿಗೆ ಸುಮಾರು ಶೇ. 0.4ರಂತೆ ಉತ್ಪಾದನೆ ಶೇ. 14ರಷ್ಟು ಇಳಿಯುತ್ತದೆ. ಪ್ಯಾನೆಲ್ಲಿನ ಓರೆಯಲ್ಲೇ ಕೂರಿಸಿದ ಪೈರನೋಮೀಟರ್ ಪಕ್ಕದಲ್ಲಿದ್ದರೆ ಕೊರತೆಗೆ ಮೋಡ ಕಾರಣವೋ, ಕಾವೋ, ಧೂಳೋ, ನಿಜವಾದ ದೋಷವೋ ಎಂದು ಬಿಡಿಸಿ ನೋಡಬಹುದು.

ಥರ್ಮೋಪೈಲ್ ಉಪಕರಣ ಒಬ್ಬ ರೈತನಿಗೆ ದುಬಾರಿ. ಸಿಲಿಕಾನ್ ಸಂವೇದಕ ಅದಕ್ಕಿಂತ ಅಗ್ಗ; ಬಿಸಿಲಿನ ಎಲ್ಲ ತರಂಗಗಳನ್ನೂ ಒಂದೇ ಸಮನಾಗಿ ಗ್ರಹಿಸದಿದ್ದರೂ ದಿನದ ಮೊತ್ತ ತಿಳಿಯಲು ಅದು ಸಾಕು. ಅಕ್ಕಪಕ್ಕದ ಕೆಲವು ತೋಟದವರು ಸೇರಿ ಒಂದನ್ನು ಕೊಂಡು, ಬೇವಿನ ಮರದ ನೆರಳಾಗಲಿ ಬಿಳಿ ಗೋಡೆಯ ಪ್ರತಿಫಲನವಾಗಲಿ ತಾಗದಷ್ಟು ಎತ್ತರದ ಕಂಬದ ಮೇಲೆ ಕೂರಿಸಿ, ಪ್ರತಿ ಸಂಜೆ ಅದರ ಮೊತ್ತವನ್ನು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳುಹಿಸಬಹುದು.